ಡಾಕ್ಟರ ಮನೆಯ ತಟ್ಟೆ

ದುಖಾನ್, ಕತಾರ್
೧೪ ನವೆಂಬರ್ ೧೯೯೫

ಚಿ. ಸೌ. ಉಮಾವತಿಗೆ,

ನಿನ್ನ ಅಕ್ಕ ಲಲಿತೆಯ ಆಶೀರ್ವಾದಗಳು. ನಾನು ಕ್ಷೇಮ ಎಂಬ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಬರೆದರೂ ನೀನು ನಂಬುವವಳಲ್ಲ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಯತಿರಾಜ ಆಫೀಸಿನಿಂದ ತಂದುಕೊಟ್ಟ. ಓದಿ, ಮಡಿಸಿ, ದಿಂಬಿನ ಕೆಳಗಿಟ್ಟೆ. ತಡವಾಯಿತೆಂದು ಬೈದುಕೊಳ್ಳಬೇಡ. ಪುರುಸೊತ್ತಿರಲಿಲ್ಲ ಎನ್ನೋಣವೆಂದರೆ ಇಲ್ಲಿ ನನಗೆ ಪುರುಸೊತ್ತು ಬಿಟ್ಟು ಬೇರೇನೂ ಇಲ್ಲ. ಪೆನ್ನು ಹಿಡಿದಾಗಲೆಲ್ಲ ಮೊದಲ ಸಾಲಿಗೇ ನಿಲ್ಲಿಸಿ ಎದ್ದುಬಿಡುತ್ತಿದ್ದೆ, ಅಷ್ಟೆ.

ಕಿರಿಮಗಳ ಮದುವೆ ನಿಶ್ಚಯವಾದದ್ದು ಕೇಳಿ ನಿಜವಾಗಿಯೂ ಸಂತೋಷವಾಯಿತು. ಹುಡುಗ ಬ್ಯಾಂಕಿನಲ್ಲಿದ್ದಾನೆ, ಮಾತು ಬಹಳ ಕಡಿಮೆ ಎಂದು ಬರೆದಿದ್ದೀಯ. ಚಿಂತೆ ಮಾಡಬೇಡ, ಇಬ್ಬರ ಪಾಲಿನ ಮಾತನ್ನೂ ನಿನ್ನ ಮಗಳೊಬ್ಬಳೇ ಆಡಿಬಿಡುತ್ತಾಳೆ. ಸೀರೆಗಳನ್ನು ಈಗಲೇ ಕೊಳ್ಳಲು ಹೋಗಬೇಡ, ನಿನ್ನ ಬುದ್ಧಿ ನನಗೆ ಗೊತ್ತು, ಮದುವೆ ಬರುವಷ್ಟರಲ್ಲಿ ಅರ್ಧ ಸೀರೆ ನೀನೇ ಉಟ್ಟು ಹಳತು ಮಾಡಿರುತ್ತೀಯ.

ಇನ್ನು ನನ್ನ ಸಮಾಚಾರ. ಯತಿರಾಜ ನಿನಗೆ ಫೋನಿನಲ್ಲಿ ಹೇಳಿದ್ದು ನಿಜ. ನಿನ್ನ ಭಾವ ಹೋದಮೇಲೆ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿಸಿ, ಪಾತ್ರೆಪಡಗವನ್ನೆಲ್ಲ ಅವರಿವರಿಗೆ ಹಂಚಿ, 'ಇನ್ನು ಮೇಲೆ ನಮ್ಮ ಜೊತೇಲೇ ಇದ್ದುಬಿಡಮ್ಮ' ಎಂದು ಕರೆತಂದನಲ್ಲ, ಕಾಯಂ ಇರಬೇಕಾದರೆ ಇಲ್ಲಿ ವೈದ್ಯಕೀಯ ಪರೀಕ್ಷೆ ಆಗಬೇಕು. ದೋಹಾಕ್ಕೆ ಕರೆದುಕೊಂಡು ಹೋದರು. ದುಖಾನಿನಿಂದ ದೋಹಾ ದೂರ; ದಾರಿಯುದ್ದಕ್ಕೂ ಮಣ್ಣು, ಪೈಪು, ಆಕಾಶ. ಎದೆಯ ಫೋಟೋ ತೆಗೆದರು. ಮತ್ತೆ ಬರಹೇಳಿ ಇನ್ನೊಮ್ಮೆ ತೆಗೆದರು. ಎಡಗಡೆ ಮೇಲ್ಭಾಗದಲ್ಲಿ ಕಲೆಯಿದೆಯಂತೆ. ಎಂದೋ ಬಂದು, ತಾನಾಗಿ ಒಣಗಿದ ಕ್ಷಯದ ಗುರುತು. ಕಫ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಕಲೆ ಇದ್ದವರು ಇರುವಂತಿಲ್ಲ ಎಂಬುದು ನಿಯಮ. ಹೋದರೆ ತಿರುಗಿ ಬರುವ ಹಾಗೂ ಇಲ್ಲ.

ಕಂಪನಿಯಲ್ಲಿ ವೀಸಾ ಕೆಲಸ ನೋಡಿಕೊಳ್ಳುವ ಶರೀಫ್ ಎಂಬಾತ ಕಾಗದಪತ್ರ ಹಿಡಿದುಕೊಂಡು ಓಡಾಡಿದ. ಕೊನೆಯ ದಿನ ಹೊರಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತ. 'ಅಮ್ಮ, ನಾನು ಸುಳ್ಳು ಹೇಳುದಿಲ್ಲ. ಇಲ್ಲಿ ಇನ್ನು ಮಾಫಿ. ಖಲಾಸ್ ಆಯ್ತು' ಎಂದ. ಮಾಫಿ ಎಂದರೆ ಇಲ್ಲಿಯ ಅರಬ್ಬಿಯಲ್ಲಿ 'ಇಲ್ಲ' ಎಂದು. ಆ ಕನ್ನಡ ಕೇಳಿ ನಿಮ್ಮದು ಯಾವೂರು ಎಂದೆ. ಉಪ್ಪಿನಂಗಡಿ ಎಂದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಮ್ಮಪ್ಪ ಅಲ್ಲಿ ಜಿಲ್ಲಾ ಬೋರ್ಡಿನ ಆಸ್ಪತ್ರೆಯ ಡಾಕ್ಟರಾಗಿದ್ದರು, ನಾನು ಆಡಿ ಬೆಳೆದದ್ದೇ ಅಲ್ಲಿ ಎಂದೆ. ಅವನು ಎದ್ದು ನಿಂತುಬಿಟ್ಟ.

'ಮೈಸೂರಿನ ಡಾಕ್ಟ್ರಾ? ಸೈಕಲಿನಲ್ಲಿ ಬರ್ತಿದ್ದರಲ್ಲ, ಅವರಾ? ನನ್ನ ಅಜ್ಜಿ ಸಾಯುವವರೆಗೆ ಅವರ ಹೆಸರು ಹೇಳ್ತಿದ್ದರು ಅಮ್ಮ. ಅಜ್ಜನಿಗೆ ಕ್ಷಯ ಆಗಿತ್ತು. ಡಾಕ್ಟ್ರು ನಮ್ಮ ಜಗಲಿಯಲ್ಲಿ ಕೂತು ಬೈದದ್ದಂತೆ, ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ, ಇಲ್ಲದಿದ್ರೆ ಈ ಮನೆಯಲ್ಲಿ ಒಬ್ಬನೂ ಉಳಿಯುದಿಲ್ಲ ಅಂತ. ಅಜ್ಜ ಹೋದ್ರು. ಬೇರೆ ಒಬ್ಬರಿಗೂ ಬರ್ಲಿಲ್ಲ. ನಾವೆಲ್ಲ ಇರುದೇ ಅದರಿಂದ' ಎಂದ. ಪ್ರತಿ ಸಲವೂ ಅವನ ಎಕ್ಸ್-ರೇ ಶುದ್ಧವಾಗಿ ಬರುತ್ತದಂತೆ. ಅದನ್ನು ಸಂತೋಷದಿಂದಲೇ ಹೇಳಿದ, ಪಾಪ. ಹೇಳಿದ ಮೇಲೆ ನನ್ನ ಮುಖ ನೋಡಿ, ಕೈಲಿದ್ದ ಕಾಗದಪತ್ರಗಳನ್ನು ಜೋಡಿಸತೊಡಗಿದ.

ಉಮಾ, ಆ ಮನೆ ನಿನಗೆ ಎಷ್ಟು ನೆನಪಿದೆಯೋ. ನೀನು ಆಗ ತೀರ ಚಿಕ್ಕವಳು. ಮುಂದೆ ಆಸ್ಪತ್ರೆ, ಹಿಂದೆ ನಾವು, ನಡುವೆ ಒಂದೇ ಬಾಗಿಲು. ಔಷಧಿಯ ಮಿಕ್ಸ್ಚರ್ ಬಾಟಲಿಗೆ ಅಂಟಿಸುವ ಅಳತೆಯ ಗುರುತಿನ ಚೀಟಿಗಳನ್ನು ನಾನು ಕತ್ತರಿಸುತ್ತಿದ್ದೆ, ನೀನು ಅಂಟನ್ನು ನೆಕ್ಕಿ ಏಟು ತಿನ್ನುತ್ತಿದ್ದೆ. ಮಂಗಳೂರಿನಿಂದ ಜಿಲ್ಲಾ ಸರ್ಜನ್ ದೊರೆ ತನಿಖೆಗೆ ಬರುವ ದಿನ ಅಪ್ಪ ಕೋಟು ಹಾಕಿಕೊಂಡು ಬೆಳಗಿನಿಂದಲೇ ಬೆವರುತ್ತಿದ್ದರು. ಊರಿನ ಜನಕ್ಕೆ ಮಾತ್ರ ಅಪ್ಪನೇ ದೊರೆ. ಸೌತೆಕಾಯಿ, ಬಾಳೆಗೊನೆ, ಒಮ್ಮೆ ಒಂದು ಕರು, ಬೇಡವೆಂದರೂ ತಂದು ಕಟ್ಟಿ ಹೋಗುತ್ತಿದ್ದರು. ಕ್ಷಯಕ್ಕೆ ಆಗ ಔಷಧಿಯೇ ಇರಲಿಲ್ಲ. ಅಪ್ಪನ ಹತ್ತಿರ ಇದ್ದದ್ದು ಆ ಒಂದೇ ಉಪಾಯ, ತಟ್ಟೆ ಬೇರೆ ಇಡಿ. ಮನೆಮನೆಗೆ ಹೋಗಿ ಗಂಟಲು ಹರಿಯುವಂತೆ ಅದನ್ನೇ ಹೇಳುತ್ತಿದ್ದರು.

ಆಮೇಲೆ ನಮ್ಮಣ್ಣ ವೆಂಕಟರಾಮ ಮಂಗಳೂರಿನ ಕಾಲೇಜಿನಿಂದ ಕೆಮ್ಮು ಹೊತ್ತುಕೊಂಡು ಬಂದ. ಅವನು ಯಾವುದರಿಂದ ಸತ್ತ ಎಂಬುದು ನಮ್ಮಿಬ್ಬರಿಗೂ ಗೊತ್ತು. ಬಾಯಿಬಿಟ್ಟು ಆಡಿಲ್ಲ ಅಷ್ಟೆ. ನಿನಗೆ ಗೊತ್ತಿಲ್ಲದ ಒಂದು ಮಾತಿದೆ. ಅಪ್ಪ ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ನೇರ ಅಡುಗೆಮನೆಗೆ ಬಂದರು. ನಾನು ಹೊಸ್ತಿಲಲ್ಲಿ ಕೂತು ಚೀಟಿ ಕತ್ತರಿಸುತ್ತಿದ್ದೆ. 'ಇವತ್ತಿನಿಂದ ಅವನ ತಟ್ಟೆ ಲೋಟ ಬೇರೆ ಇಡು' ಎಂದರು. ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ.

'ಬೇರೆ ಇಟ್ಟರೆ ಪಾತ್ರೆ ತೊಳೆಯೋಕೆ ಬರೋ ಪೂವಕ್ಕನ ಕಣ್ಣಿಗೆ ಬೀಳಲ್ವೆ? ಡಾಕ್ಟರ ಮನೇಲೇ ತಟ್ಟೆ ಬೇರೆ ಆಯ್ತು ಅಂತ ಸಂಜೆಯೊಳಗೆ ಊರಿಗೇ ಗೊತ್ತಾಗತ್ತೆ. ಆಮೇಲೆ ಈ ಎರಡು ಹೆಣ್ಣುಮಕ್ಕಳನ್ನ ಯಾರಿಗೆ ಕೊಡ್ತೀರಿ?'

ಬೇರೆ ತಟ್ಟೆ ಎಂದರೆ ಏನೆಂದು ಇಡೀ ಊರಿಗೆ ಕಲಿಸಿದವರು ಅಪ್ಪನೇ. ಹಿಂದಿರುಗಿ ಆಸ್ಪತ್ರೆಗೆ ಹೋದರು, ಹೊರಗೆ ಕಾದಿದ್ದ ಯಾರನ್ನೋ ವಿನಾಕಾರಣ ಗದರಿದರು. ಅಂದಿನಿಂದ ಅಣ್ಣ ಹಿಂದಿನ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ. ಯಾರು ಕೇಳಿದರೂ ಅದೇ ಉತ್ತರ. ಅವನು ಉಂಡ ತಟ್ಟೆ ನಮ್ಮ ತಟ್ಟೆಗಳ ನಡುವೆಯೇ ತೊಳೆದು ಬರುತ್ತಿತ್ತು, ಮರುದಿನ ಯಾರ ಮುಂದೆ ಯಾವುದು ಬೀಳುತ್ತಿತ್ತೋ. ಅವನು ಹೋದಮೇಲೆ ಊರಿನವರ ಮುಂದೆ ಅದು ಟೈಫಾಯ್ಡ್ ಆಯಿತು. ಮುಂದೆ ನಾನೊಂದಷ್ಟು ಕಾಲ ಕೆಮ್ಮಿದೆ. ಅಪ್ಪ ಮೀನೆಣ್ಣೆ ಕುಡಿಸಿದರು, ನನ್ನ ಮುಖ ನೋಡದೆ ಕುಡಿಸಿದರು. ಬದುಕಿಕೊಂಡೆ. ನಮಗಿಬ್ಬರಿಗೂ ಒಳ್ಳೆಯ ಕಡೆ ಸಂಬಂಧಗಳು ಬಂದವು. ಅಮ್ಮನ ಲೆಕ್ಕ ತಪ್ಪಲಿಲ್ಲ ಎನ್ನಬೇಕು.

ಅಪ್ಪನ ಮೇಲೆ ನನಗೆ ಸಿಟ್ಟಿದೆ, ಉಮಾ. ಈ ವಯಸ್ಸಿನಲ್ಲಿ ಹೊಸದಾಗಿ ಬಂದಿದೆ. ಶರೀಫನ ಅಜ್ಜಿಗೆ ಹೇಳಿದ್ದನ್ನು ಅಪ್ಪ ತನ್ನ ಹೆಂಡತಿಗೆ ಇನ್ನೊಮ್ಮೆ ಹೇಳಬಹುದಿತ್ತು.

ಇಲ್ಲಿ ನನಗೀಗ ಬೇರೆ ತಟ್ಟೆ. ಫಲಿತಾಂಶ ಬಂದ ದಿನವೇ ಸೊಸೆ ಅಂಗಡಿಗೆ ಹೋಗಿ ಹಳದಿ ಬಣ್ಣದ ಪ್ಲಾಸ್ಟಿಕ್ ತಟ್ಟೆ, ಲೋಟ ತಂದಳು. 'ಅತ್ತೆ, ತಪ್ಪು ತಿಳ್ಕೋಬೇಡಿ, ಮಗು ಇದೆ' ಎಂದಳು. ನಾನೇನು ತಪ್ಪು ತಿಳಿಯಲಿ? ಕಫದಲ್ಲಿ ಏನೂ ಇಲ್ಲವೆಂದು ಡಾಕ್ಟರು ಹೇಳಿದ್ದರೂ ತಾಯಿಗೆ ಹೆದರಿಕೆ ಹೋಗುತ್ತದೆಯೇ? ಅಪ್ಪನ ಕೈಲಿ ಆಗದ್ದನ್ನು ಅವಳು ಮಾಡಿದಳು. ರಶ್ಮಿತಾಳಿಗೆ ಆರು ವರ್ಷ, ಅವಳದೊಂದು ಹೊಸ ಕನ್ನಡ. 'ಅಜ್ಜಿ, ನಿಮ್ದು ಮಾತ್ರ ಯಾಕೆ ಯಲ್ಲೋ? ನಂಗೂ ಯಲ್ಲೋ ಬೇಕು' ಎಂದು ಊಟ ಬಿಟ್ಟು ಹಟ ಹಿಡಿದಳು. ಅವಳಮ್ಮ ಎತ್ತಿಕೊಂಡು ಒಳಗೆ ಹೋದಳು. ಈಗ ಕಥೆ ಹೇಳುವುದೂ ಬಾಗಿಲಿನ ಆಚೆಯಿಂದ. ಕಥೆಯ ರಾಕ್ಷಸನಿಗೆ ನಾನು ದನಿ ಎತ್ತಿದರೆ ಇಡೀ ಮನೆಗೆ ಕೇಳಿಸುತ್ತದೆ.

ಯತಿರಾಜ ಮೊನ್ನೆ ನನ್ನ ಕಾಲ ಬಳಿ ಕೂತ. 'ಅಮ್ಮ, ನಾನೇನು ಮಾಡ್ಲಿ ಹೇಳು. ಈ ಕೆಲಸ ಬಿಟ್ಟು ಬಂದರೆ ಅಲ್ಲಿ ನನಗೇನಿದೆ?' ಎಂದ. ಬಾ ಎಂದು ನಾನು ಕೇಳಿರಲಿಲ್ಲ. ಅವನೇ ಕೇಳಿಕೊಂಡು ಅವನೇ ಉತ್ತರ ಹೇಳಿಕೊಂಡ. ಆಮೇಲೆ ಕಣ್ಣೊರೆಸಿಕೊಂಡು, 'ಸದ್ಯ ಚಿಕ್ಕಮ್ಮನ ಮನೆ ಇದೆಯಲ್ಲ. ನೀವಿಬ್ಬರೂ ಒಟ್ಟಿಗಿದ್ದರೆ ನನಗೆ ಧೈರ್ಯ' ಎಂದ. ಅದೊಂದು ಮಾತಿನ ಆಸರೆಯಲ್ಲೇ ಅವನು ಈಗ ಊಟ ಮಾಡುತ್ತಿದ್ದಾನೆ, ನಿದ್ದೆ ಮಾಡುತ್ತಿದ್ದಾನೆ. ಶರೀಫ್ ಬರುವ ಸೋಮವಾರಕ್ಕೆ ಬೊಂಬಾಯಿಯ ಟಿಕೆಟ್ ಮಾಡಿಸಿದ್ದಾನೆ, ಅಲ್ಲಿಂದ ಬೆಂಗಳೂರು.

ರಶ್ಮಿತಾಳನ್ನು ಇನ್ನು ನೋಡುವುದಿಲ್ಲ ಎನಿಸುತ್ತದೆ. ಅವರು ರಜೆಗೆ ಬರುತ್ತಾರೆ, ಬರುವುದಿಲ್ಲ ಎನ್ನಲಾರೆ. ಆದರೆ ಬಂದಾಗ ಅವಳು ಬೇರೆ ಹುಡುಗಿಯಾಗಿರುತ್ತಾಳೆ, ಕನ್ನಡವೂ ಹೋಗಿರುತ್ತದೆ. ಅಳಬಾರದೆಂದು ಬರೆಯಲು ಕೂತಿದ್ದೆ. ಆಗಲಿಲ್ಲ.

ಮದುಮಗಳಿಗೆ ನನ್ನ ಮನಃಪೂರ್ವಕ ಆಶೀರ್ವಾದ. ದೀರ್ಘಸುಮಂಗಲಿಯಾಗಿ ಬಾಳಲಿ, ಅವಳ ಮನೆಯಲ್ಲಿ ಮಾತಿಗೆ, ನಗುವಿಗೆ ಬರ ಬಾರದಿರಲಿ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ನಿನ್ನ ಆರೋಗ್ಯ ನೋಡಿಕೋ.

ಇಂತಿ ನಿನ್ನ ಅಕ್ಕ,
ಲಲಿತೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. 'ಅಕ್ಕ, ಮದುವೆ ಮುಗಿಯುವವರೆಗೆ ನಮ್ಮ ಮನೆಗೆ ಬರಬೇಡ. ಗಂಡಿನ ಕಡೆಯವರ ಕಿವಿಗೆ ಬಿದ್ದರೆ ಎಲ್ಲ ಕೆಟ್ಟುಹೋಗುತ್ತದೆ. ಯಾರಾದರೂ ಕೇಳಿದರೆ ಮಂಡಿನೋವಿಗೆ ವಾಪಸ್ಸು ಬಂದೆ ಎನ್ನು' ಎಂದು ಬರೆದಿದ್ದೀಯ. ಆಗಲಿ. ಮಂಡಿನೋವು ಎನ್ನುತ್ತೇನೆ, ಅದು ಇದ್ದೇ ಇದೆ. ಮದುವೆ ಮುಗಿದ ಮೇಲೆ ಬಾ ಎಂದು ಮಾತ್ರ ನೀನು ಬರೆದಿಲ್ಲ. ಕಾಗದವನ್ನು ತಿರುಗಿಸಿ ಹಿಂದುಗಡೆಯೂ ನೋಡಿದೆ. ಮೇಲುಕೋಟೆಯ ಒಂದು ಛತ್ರದಲ್ಲಿ ಕೋಣೆ ಸಿಗುವುದಂತೆ, ಅಲ್ಲಿ ಎದೆಯ ಫೋಟೋ ಕೇಳುವುದಿಲ್ಲ. ನೀನೂ ಅದೇ ತಟ್ಟೆಗಳಲ್ಲಿ ಉಂಡವಳು. ಒಂದು ಸಲ ಪರೀಕ್ಷೆ ಮಾಡಿಸಿಕೋ, ಮದುವೆ ಆದಮೇಲೆ ಸಾಕು. ಯತಿರಾಜನಿಗೆ ನಿನ್ನ ಕಾಗದ ತೋರಿಸಿಲ್ಲ. ನಾನು ನಿನ್ನ ಮನೆಗೇ ಬರುತ್ತಿದ್ದೇನೆ ಎಂದುಕೊಂಡಿದ್ದಾನೆ. ರಜೆಯ ದಿನ ಎಂದು ಶುಕ್ರವಾರ ಫೋನ್ ಮಾಡುತ್ತಾನೆ. ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಎಂದುಬಿಡು. ಪ್ರತಿ ಸಲವೂ ಸ್ನಾನ ಎನ್ನಬೇಡ, ಅವನಿಗೆ ಅನುಮಾನ ಬರುತ್ತದೆ. ಒಮ್ಮೊಮ್ಮೆ ದೇವಸ್ಥಾನಕ್ಕೆ ಹೋಗಿದ್ದಾಳೆ ಎನ್ನು.