ಹೆರಿಗೆ ಕೋಣೆಯ ಬೆಚ್ಚಗಿನ ಗೋಡೆ

೨೮-೧೧-೬೦, ಬೆಳಿಗ್ಗೆ ೬

ಹೆರಿಗೆ ಕೋಣೆ ೬೧ ಡಿಗ್ರಿ ಫ್ಯಾರನ್‌ಹೀಟ್. ಹೊರಗೆ ೫೮. ಥರ್ಮಾಮೀಟರ್ ತೂಗುಹಾಕಿ ಇವತ್ತಿಗೆ ನಾಲ್ಕು ದಿನ. ದಿನಾ ಬರೆದಿಡಬೇಕಂತೆ.

ಬೆಳ್ತಂಗಡಿಯಿಂದ ಡಾಕ್ಟ್ರು ಫಾರಂ ಕಳಿಸಿದ್ದಾರೆ. ಎಂಟು ಪುಟ. ದೂರದ ಹಳ್ಳಿಗಳ ಹೆರಿಗೆ ಕೇಂದ್ರಗಳನ್ನು ಚಳಿಗಾಲದಲ್ಲಿ ಕಟ್ಟಿಗೆಯಿಂದ ಬೆಚ್ಚಗಿಡುವುದು ಸಾಧ್ಯವೇ? ಎಷ್ಟು ಕಟ್ಟಿಗೆ, ಯಾರು ತರುತ್ತಾರೆ, ಹೊಗೆ ಎಷ್ಟು, ಅಪಾಯ ಏನು... ಮಾಡಿ ನೋಡಿ ಉತ್ತರ ಬರೆಯಬೇಕು. ಫೆಬ್ರವರಿಯೊಳಗೆ.

ನಮ್ಮ ಮೂಡಬಿದಿರೆಯಲ್ಲಿ ಚಳಿ ಎಂದರೆ ಇನ್ನೊಂದು ಹೊದಿಕೆ, ಅಷ್ಟೆ. ಇಲ್ಲಿ ಘಟ್ಟದ ಬುಡ. ಬಿಸಿಲು ಅಂಗಳಕ್ಕೆ ಇಳಿಯುವಾಗ ಎಂಟೂವರೆ. ಕಳೆದ ಜನವರಿಯಲ್ಲಿ ಎರಡು ಮಕ್ಕಳು ಹೋದವು. ತಿಂಗಳು ತುಂಬದೆ ಹುಟ್ಟಿದವು. ಜ್ವರ ಇಲ್ಲ, ಏನಿಲ್ಲ. ತಣ್ಣಗಾಗಿ ಹೋದವು, ನನ್ನ ಕೈಯಲ್ಲೇ.

ಆಗುವುದಿಲ್ಲ ಎಂದು ಬರೆದರೆ ಇಲ್ಲಿಯ ಎರಡು ಮಂಚವೂ ಬೆಳ್ತಂಗಡಿಗೆ. ಒಂಬತ್ತು ಮೈಲು, ನಡುವೆ ಹೊಳೆ. ನೋವು ಬಂದವರು ನಡೆದು ಹೋಗುವುದುಂಟಾ?

೨-೧೨-೬೦

ಹಾಜಬ್ಬರ ಗಾಡಿ ಬಂತು. ಪುಂಜಾಲಕಟ್ಟೆಗೆ ಸಾಮಾನಿಗೆ ಹೋಗುವವರು, ದಾರಿಯಲ್ಲಿ ನಮಗೆ ಕಟ್ಟಿಗೆ ಇಳಿಸಿದರು. ಕಾಡು ರಿಸರ್ವ್, ಮುಟ್ಟುವ ಹಾಗಿಲ್ಲ. ಮನೆ ಮನೆಯವರು ತಮ್ಮ ಗುಡ್ಡೆಯ ಒಣ ಗೆಲ್ಲು ಕೊಟ್ಟದ್ದು. ಮಾವು, ಗೇರು, ಸ್ವಲ್ಪ ಹಲಸು.

ಒಂದೊಂದೇ ತುಂಡು ಕಲ್ಲಿಗೆ ಬಡಿದು ಇಡುತ್ತಿದ್ದೆ. ಹಾಜಬ್ಬ ನೋಡಿಯೇ ನೋಡಿದರು.

"ಎಂತ ನರ್ಸಮ್ಮ, ಕಟ್ಟಿಗೆಗೆ ಪೆಟ್ಟು ಕೊಡ್ತೀರಿ?"

"ಇರುವೆ, ಹುಳ ಇದ್ದರೆ ಉದುರಲಿ ಅಂತ. ನಮ್ಮ ಜೈನರ ಮನೆಯಲ್ಲಿ ಹಾಗೇ. ಜೀವ ಇದ್ದದ್ದು ಒಲೆಗೆ ಹೋಗಬಾರದು."

 ಉಳಿದ ಅರ್ಧ ಗಾಡಿ ಅವರೇ ಬಡಿದು ಇಳಿಸಿದರು. ಒಂದು ಗಂಟೆ ಹಿಡಿಯಿತು. ಒಳ್ಳೆಯ ಮನುಷ್ಯ.

೬-೧೨-೬೦

ಕೋಣೆಯ ನಡುವೆ ಕಬ್ಬಿಣದ ಬಾಣಲೆಯಲ್ಲಿ ಬೆಂಕಿ ಇಟ್ಟು ನೋಡಿದೆ. ೬೮ಕ್ಕೆ ಏರಿತು. ಆದರೆ ಹೊಗೆ! ಕಣ್ಣು ಬಿಡಲಾಗಲಿಲ್ಲ. ಗೇರು ಪರವಾಗಿಲ್ಲ, ಮಾವಿನದು ಕೆಮ್ಮಿಸಿ ಕೊಲ್ಲುತ್ತದೆ. ಕಿಟಕಿ ತೆರೆದರೆ ಹೊಗೆಯ ಜೊತೆ ಬಿಸಿಯೂ ಹೊರಗೆ. ಮತ್ತೆ ೬೨.

ಸೇಸಮ್ಮ ದಾರಿಯಲ್ಲಿ ನಿಂತು ನೋಡುತ್ತಿದ್ದಳು. ಈ ಊರಿನ ಹಳೆಯ ಸೂಲಗಿತ್ತಿ. ನಾನು ಬಂದ ಮೇಲೆ ಅವಳನ್ನು ಕರೆಯುವವರು ಕಡಿಮೆ. ನಾನೇ ಹೇಳಿದ್ದೆ, ಮನೆ ಮನೆಗೆ ಹೋಗಿ — ಅವಳ ಕತ್ತಿ ಸ್ವಚ್ಛ ಇಲ್ಲ, ಕರೆಯಬೇಡಿ ಅಂತ. ಅದರಲ್ಲಿ ಸುಳ್ಳಿಲ್ಲ. ಆದರೆ ಎರಡು ವರ್ಷದಿಂದ ಅವಳು ನನ್ನ ಜಗಲಿ ಹತ್ತಿಲ್ಲ.

೧೫-೧೨-೬೦, ಸಂಜೆ

ಪೂವಮ್ಮನಿಗೆ ಹೆರಿಗೆ. ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಹೆಣ್ಣು. ಮೂರು ಪೌಂಡ್ ಹತ್ತು ಔನ್ಸ್. ಅಳುವುದು ಬೆಕ್ಕಿನ ಮರಿಯ ಹಾಗೆ. ಬೆರಳು ಹಿಡಿದರೆ ತಣ್ಣಗೆ.

ಇದು ಅವಳ ಮೂರನೆಯದು. ಮೊದಲಿನ ಎರಡೂ ಉಳಿಯಲಿಲ್ಲ. ಗಂಡ ರುಕ್ಮಯ್ಯ ಅಂಗಳದಲ್ಲೇ ಕೂತಿದ್ದಾನೆ. "ಇದು ಉಳೀತದಾ ಅಮ್ಮಾ?" ಕೇಳಿದ. ಉಳೀತದೆ ಎಂದೆ. ಯಾವ ಧೈರ್ಯದಲ್ಲಿ ಹೇಳಿದೆನೋ.

ಹೊಗೆ ಬೇಡ. ಇದ್ದಿಲು ಇಟ್ಟೆ. ಇದ್ದಿಲಿಗೆ ಹೊಗೆ ಇಲ್ಲ. ಬಾಗಿಲ ಸಂದಿಗೆ, ಕಿಟಕಿಗೆ ಗೋಣಿ ತುರುಕಿದೆ. ಈಗ ೭೩. ಮಗು ಕೆಂಪಾಗಿದೆ. ಪೂವಮ್ಮ ನಕ್ಕಳು. ನಾನೂ ಇಲ್ಲೇ ಚಾಪೆ ಹಾಕಿ ಮಲಗುವುದು.

೧೮-೧೨-೬೦

ಎರಡು ದಿನ ಬರೆಯಲಿಲ್ಲ. ಹಾಸಿಗೆಯಲ್ಲೇ ಇದ್ದೆ. 

ನೆನಪಿದ್ದಷ್ಟು ಬರೆಯುತ್ತೇನೆ. ೧೬ರ ಬೆಳಗ್ಗೆ ಎಚ್ಚರವಾಯಿತು. ತಲೆ ಒಡೆದು ಹೋಗುವಷ್ಟು ನೋವು. ಏಳುವ ಎಂದರೆ ಕಾಲು ನನ್ನದಲ್ಲ. ಪೂವಮ್ಮನನ್ನು ಕರೆದೆ, ದನಿ ಬರಲಿಲ್ಲ. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಕೇಳಿಸುತ್ತಿತ್ತು, ಆದರೆ ನನಗಲ್ಲ ಎಂಬ ಹಾಗೆ...

ಸೇಸಮ್ಮ. ಪೂವಮ್ಮನ ದೊಡ್ಡಮ್ಮನೇ ಅಂತೆ. ಬಾಣಂತಿಗೆ ಕಾಳುಮೆಣಸಿನ ಕಷಾಯ ತಂದಿದ್ದರು. ನನ್ನ ಮೇಲಿನ ಸಿಟ್ಟಿಗೆ ಜಗಲಿ ಹತ್ತದೆ ಅಂಗಳದಿಂದಲೇ ಕರೆದರಂತೆ. ಉತ್ತರ ಇಲ್ಲ. ಮತ್ತೆ ಬಾಗಿಲಿಗೆ ಬಂದು ಬಡಿದರು. ಆಗಲೂ ಇಲ್ಲ. ರುಕ್ಮಯ್ಯನನ್ನು ಎಬ್ಬಿಸಿ ಬಾಗಿಲು ಮುರಿಸಿದರು. ಮೊದಲು ಮಗು, ಮತ್ತೆ ಪೂವಮ್ಮ, ಕಡೆಗೆ ನಾನು. ನನ್ನನ್ನು ತೋಳು ಹಿಡಿದು ಎಳೆದದ್ದು ಅವರೇ. ಅರುವತ್ತು ದಾಟಿದ ಹೆಂಗಸು. ನನ್ನ ತೋಳಲ್ಲಿ ಅವರ ಉಗುರಿನ ಗುರುತು ಇನ್ನೂ ಉಂಟು.

ಅಂಗಳದ ತಣ್ಣನೆ ಗಾಳಿ ಒಳಗೆ ಹೋದದ್ದೇ ವಾಂತಿ. ಪೂವಮ್ಮನಿಗೂ. ಮಗು ಅತ್ತಿತು. ಅಳು ಕೇಳಿ ನಾನೂ ಅತ್ತೆ.

"ಎರಕದ ಕೆಲಸದವರ ಕೊಟ್ಟಿಗೆಯಲ್ಲಿ ಒಬ್ಬ ಹೀಗೇ ಸತ್ತಿದ್ದ," ಸೇಸಮ್ಮ ಹೇಳಿದರು. "ಬಾಗಿಲು ಹಾಕಿ ಇದ್ದಿಲು ಇಟ್ಟು ಮಲಗಬಾರದು ಅಮ್ಮಾ. ನಿಮಗೆ ಕಲಿಸಲಿಲ್ಲವಾ ಮಂಗಳೂರಿನಲ್ಲಿ?"

ಕಲಿಸಿದ್ದರು, ಇದ್ದಿಲಿನ ಗಾಳಿ ಕಣ್ಣಿಗೆ ಕಾಣದ ವಿಷ ಅಂತ. ಚಳಿ ಮಾತ್ರ ಕಂಡಿತು ನನಗೆ.

ಮೂರು ಜೀವ. ನನ್ನ ಕೈಯಿಂದ ಹೋಗುವುದಿತ್ತು. ಹೋಗಲಿಲ್ಲ.

೧೯-೧೨-೬೦

ಸೇಸಮ್ಮ — ಈಗ ನನಗೆ ಸೇಸಕ್ಕ — ಮನೆಗೆ ಹೋಗಿಲ್ಲ. ತೊಟ್ಟಿಲು ಬೇಡ ಎಂದರು. ಮಗುವನ್ನು ಬಟ್ಟೆ ಇಲ್ಲದೆ ಪೂವಮ್ಮನ ಎದೆಗೆ ಇಟ್ಟು, ಹಳೆಯ ಸೀರೆಯಿಂದ ಸುತ್ತಿ ಕಟ್ಟಿದ್ದಾರೆ. ಒಂದು ಗಂಟೆಗೆ ಮೈ ಬೆಚ್ಚಗಾಯಿತು. ನಾನು ಸೋಪು, ಕುದಿಸಿದ ಕತ್ತರಿ ತೋರಿಸಿದೆ. ನೋಡಿದರು. "ಮೊದಲೇ ತೋರಿಸಬಹುದಿತ್ತು," ಅಂದರು. ಹೌದು. ಎರಡು ವರ್ಷ ಮೊದಲೇ.

ಆದರೆ ಪೂವಮ್ಮ ಸ್ನಾನಕ್ಕೆ ಏಳಬೇಕು, ನಿದ್ದೆ ಮಾಡಬೇಕು. ಎಷ್ಟು ಹೊತ್ತು ಕಟ್ಟಿಕೊಂಡಿರುವುದು? ಕೋಣೆ ೬೦.

೨೦-೧೨-೬೦

ಬೆಳಿಗ್ಗೆ ಸೇಸಕ್ಕ ಬಚ್ಚಲಿಗೆ ಹೋಗಿ ಹಂಡೆಯ ಒಲೆ ನೋಡುತ್ತಾ ನಿಂತಿದ್ದರು. ಬಾಣಂತಿಯ ಸ್ನಾನಕ್ಕೆ ದಿನಾ ಎರಡು ಹಂಡೆ ನೀರು ಕಾಯಿಸಲೇಬೇಕು. ಒಲೆ ಆಚೆ ಮೂಲೆಯಲ್ಲಿ. ಈಚೆ ಗೋಡೆಯ ಹಿಂದೆಯೇ ಹೆರಿಗೆ ಕೋಣೆ.

"ಒಲೆ ಈ ಗೋಡೆಗೆ ತಾಗಿಸಿ ಕಟ್ಟುವ. ಬೆಂಕಿ ಬಚ್ಚಲಲ್ಲೇ ಇರಲಿ. ಬಿಸಿ ಮಾತ್ರ ಒಳಗೆ ಬರಲಿ."

"ಕಲ್ಲಿನ ಗೋಡೆ ಸೇಸಕ್ಕ. ಬಿಸಿ ದಾಟುತ್ತದಾ?"

"ನಮ್ಮ ಬೆಕ್ಕು ಎಲ್ಲಿ ಮಲಗುತ್ತದೆ ಗೊತ್ತುಂಟಾ? ಒಲೆಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು. ಅದಕ್ಕೆ ಗೊತ್ತಿದ್ದದ್ದು ನಮಗೆ ಗೊತ್ತಾಗಬೇಡವಾ?"

ನಗು ಬಂತು. ಇಷ್ಟು ದಿನದಲ್ಲಿ ಮೊದಲ ಸಲ.

ರುಕ್ಮಯ್ಯ ಮಣ್ಣು ಕಲಸಿದ. ಹಾಜಬ್ಬ ಗಾಡಿ ಬಿಚ್ಚಿ ಮುರಕಲ್ಲು ಹೊತ್ತರು. ಹೊಗೆ ಹೋಗಲು ಬಚ್ಚಲ ಮಾಡಿನ ಹೆಂಚಿನ ನಡುವೆ ಮಣ್ಣಿನ ಕೊಳವೆ. ಸೇಸಕ್ಕನದು ಯಜಮಾನಿಕೆ. ಸಂಜೆಗೆ ಮುಗಿಯಿತು.

೨೩-೧೨-೬೦

ಮಣ್ಣು ಒಣಗಿತು. ಸಂಜೆ ನಾಲ್ಕಕ್ಕೆ ಬೆಂಕಿ. ಗೇರು, ದಪ್ಪ ತುಂಡು. ಐದಕ್ಕೆ ಗೋಡೆ ತಣ್ಣಗೆ. ಆರಕ್ಕೆ ತಣ್ಣಗೆ. ಹಂಡೆ ಕುದಿಯಿತು, ಗೋಡೆಗೆ ಸುದ್ದಿ ಇಲ್ಲ. ಫಾರಂ ತೆಗೆದೆ. "ಸಾಧ್ಯವಿಲ್ಲ" ಎಂದು ಬರೆಯಲು ಪೆನ್ನಿಗೆ ಶಾಯಿಯೂ ತುಂಬಿಸಿದೆ. ಸೇಸಕ್ಕ ಕೆಂಡ ಒಟ್ಟುಗೂಡಿಸಿ ಒಲೆಯ ಬಾಯಿ ಕಲ್ಲಿನಿಂದ ಮುಚ್ಚಿದರು.

೨೪-೧೨-೬೦, ಬೆಳಿಗ್ಗೆ ೬

೭೦!

ಹೊರಗೆ ೫೭. ಒಳಗೆ ೭೦. ಹೊಗೆ ಇಲ್ಲ. ಕಿಟಕಿ ಒಂದು ಗೇಣು ತೆರೆದೇ ಉಂಟು. ಬೆಂಕಿ ಆರಿ ಎಷ್ಟು ಹೊತ್ತಾಗಿದೆ, ಗೋಡೆ ಮಾತ್ರ ಈಗ ಬೆಚ್ಚಗೆ — ಕಲ್ಲಿಗೆ ಬಿಸಿ ದಾಟುವುದು ನಿಧಾನ. ಒಂದು ತುಂಡು ಕಟ್ಟಿಗೆಯೂ ಹೆಚ್ಚು ಬೇಕಾಗಲಿಲ್ಲ. ಸ್ನಾನದ ನೀರಿನ ಬೆಂಕಿಯೇ ಸಾಕು.

ಪೂವಮ್ಮ ಮಗುವಿನ ಜೊತೆ ಗೋಡೆಯ ಬದಿಗೆ ಒತ್ತಿ ಮಲಗಿದ್ದಾಳೆ. ಬಸದಿಯ ದಿಕ್ಕು ಯಾವುದೋ ತಿಳಿಯಲಿಲ್ಲ, ನಿಂತಲ್ಲೇ ಕೈ ಮುಗಿದೆ.

೩೦-೧-೬೧

ಮಗು ಐದು ಪೌಂಡ್. ಇವತ್ತು ಮನೆಗೆ. ರುಕ್ಮಯ್ಯ ಎತ್ತಿಕೊಂಡ, ಹೆಜ್ಜೆ ಎಣಿಸಿದ ಹಾಗೆ ನಡೆದ. ಈ ತಿಂಗಳು ಹೆರಿಗೆ ಐದು. ಐದೂ ಉಳಿದವು.

೧೧-೨-೬೧

ಡಾಕ್ಟ್ರು ಬಂದಿದ್ದರು. ರಿಪೋರ್ಟ್ ಓದಿದರು. ಅಪಾಯದ ಪುಟದಲ್ಲಿ ಇದ್ದಿಲಿನ ಕಥೆ ಪೂರಾ ಬರೆದಿದ್ದೇನೆ. ನನ್ನ ಹೆಸರು ಹಾಕಿಯೇ. ಕನ್ನಡಕ ತೆಗೆದರು.

"ಯಶೋಧಾ, ಇದು ಬೇಕಾ? ಗೋಡೆಯ ವಿಷಯ ಚೆನ್ನಾಗುಂಟು. ಅಷ್ಟೇ ಕಳಿಸುವ."

"ಬೇಕು ಸಾರ್. ಇನ್ನೊಂದು ಊರಿನಲ್ಲಿ ಇನ್ನೊಬ್ಬಳು ನರ್ಸು ಗೋಣಿ ತುರುಕುತ್ತಾಳೆ. ಅಲ್ಲಿ ಸೇಸಕ್ಕ ಬರುವುದಿಲ್ಲ."

"ಮೆಮೊ ಬರಬಹುದು. ಕೆಲಸಕ್ಕೂ ಕುತ್ತು."

"ಬರಲಿ ಸಾರ್."

ಅವರು ಹೋದ ಮೇಲೆ ಹೆದರಿಕೆಯಾಯಿತು. ಗಂಡ ಇಲ್ಲ, ಮೂಡಬಿದಿರೆಯಲ್ಲಿ ಅಣ್ಣನ ಮನೆ. ಕೆಲಸ ಹೋದರೆ ಅಲ್ಲಿಯ ಅಡಿಗೆ ಕೋಣೆಯೇ.

೨೭-೩-೬೧

ಮೆಮೊ ಬಂತು. ತೀವ್ರ ನಿರ್ಲಕ್ಷ್ಯ, ಮುಂದೆ ಎಚ್ಚರ. ಕೆಲಸ ಹೋಗಲಿಲ್ಲ. ಅದೇ ಲಕೋಟೆಯಲ್ಲಿ ಇನ್ನೊಂದು ಹಾಳೆ — ಎಲ್ಲಾ ಕೇಂದ್ರಗಳಿಗೂ ಹೋದ ಸೂಚನೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೂಡದು. ನನ್ನದೇ ವಾಕ್ಯ, ಹಾಗೇ ಇಳಿಸಿದ್ದಾರೆ. ಮಂಚಗಳು ಇಲ್ಲೇ ಇರುತ್ತವೆ. ವಿಟ್ಲದ ಹತ್ತಿರ ಒಂದು, ಪುಂಜಾಲಕಟ್ಟೆಯ ಹತ್ತಿರ ಒಂದು ಕೇಂದ್ರದಲ್ಲಿ ಅದೇ ಗೋಡೆ. ತೋರಿಸಲು ನಾನು ಮತ್ತು ಸೇಸಕ್ಕ ಹೋಗಬೇಕು.

ಮೆಮೊ ಜೋಪಾನವಾಗಿ ಮಡಚಿಟ್ಟೆ.

೧೯-೪-೬೧, ಮಧ್ಯಾಹ್ನ ೩, ಪುಂಜಾಲಕಟ್ಟೆ

ಬಸ್ಸಿಗೆ ಕಾಯುತ್ತಿದ್ದೇವೆ. ಹೋಟೆಲಿನ ಬೆಂಚು.

ಕೆಲಸದ ಮೇಸ್ತ್ರಿ ಹೆಂಗಸಿನ ಮಾತು ಕೇಳುವವನಲ್ಲ. ಒಲೆ ಗೋಡೆಯಿಂದ ಒಂದಡಿ ದೂರ ಕಟ್ಟಿದ್ದ. ಸೇಸಕ್ಕ ಸೀರೆ ಎತ್ತಿ ಕಟ್ಟಿ ತಾವೇ ಕಲ್ಲು ಕಿತ್ತರು. "ಹಂಡೆ ಮಾತ್ರ ಕಾಯಿಸುವುದಕ್ಕೆ ನೀನು ಸಾಕಿತ್ತು ಮಾರಾಯ, ನಾನು ಯಾಕೆ ಬಸ್ಸಿನಲ್ಲಿ ಬರಬೇಕಿತ್ತು?" ಸೇರಿದ ಹೆಂಗಸರೆಲ್ಲ ನಕ್ಕರು. ಮೇಸ್ತ್ರಿಯೂ. ಅಲ್ಲಿಯ ನರ್ಸು ಚಿಕ್ಕ ಹುಡುಗಿ, ಅನಂತಮತಿ. ಎಲ್ಲಾ ಬರೆದುಕೊಂಡಳು. ನಮ್ಮಿಬ್ಬರ ಕಾಲೂ ಮುಟ್ಟಿದಳು. ಸೇಸಕ್ಕನದು ಮೊದಲು.

ಸೇಸಕ್ಕ ಬಸ್ಸು ಹತ್ತಿದ್ದು ಇವತ್ತೇ ಮೊದಲ ಸಲ. ಸುಸ್ತು. ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ. ಭುಜ ಅಲುಗದ ಹಾಗೆ ಬರೆಯುತ್ತಿದ್ದೇನೆ.

ರಿಪೋರ್ಟಿನಲ್ಲಿ ಬರೆದೆ, ಡಾಕ್ಟ್ರಿಗೆ ಹೇಳಿದೆ, ಅಣ್ಣನಿಗೆ ಕಾಗದ ಹಾಕಿದೆ — ನನ್ನ ಪ್ರಾಣ ಉಳಿಸಿದ್ದು ಸೇಸಕ್ಕ ಅಂತ. ಅವರಿಗೇ ಹೇಳಿಲ್ಲ. ನಾಲ್ಕು ತಿಂಗಳಾಯಿತು, ದಿನಾ ಒಟ್ಟಿಗೆ ಇರುತ್ತೇವೆ, ಒಂದು ಸಲವೂ ಬಾಯಿ ಬಿಟ್ಟು ಹೇಳಿಲ್ಲ. ಅವರ ಬಗ್ಗೆ ಮನೆ ಮನೆಗೆ ಹೋಗಿ ಹೇಳಿದ್ದಕ್ಕೆ ತಪ್ಪಾಯಿತು ಅಂತಲೂ ಇಲ್ಲ. ನಾಚಿಕೆಯೋ, ಏನೋ.

ಇವತ್ತು ಹೇಳ್ತೇನೆ. ಎದ್ದ ಕೂಡಲೇ.

ಎದ್ದರು. ಬಸ್ಸು ಬಂತಾ ಕೇಳುತ್ತಿದ್ದಾರೆ. ಇಲ್ಲ ಸೇಸಕ್ಕ, ಬರಲಿಲ್ಲ, ಒಂದು ಮಾತು —