ಓಣಂ ಬಟ್ಟೆಯ ವಿಚಾರಣೆ

ಮುಹಮ್ಮ
ಸೆಪ್ಟೆಂಬರ್ ೨೨, ಸೋಮವಾರ

ನನ್ನ ಮುದ್ದಿನ ಜಿಷಾ,

ಫೋನಿನಲ್ಲಿ ನಿನ್ನ ಪಕ್ಕದಲ್ಲೇ ನಿನ್ನತ್ತೆಯ ಕೆಮ್ಮು ಕೇಳಿಸುವಾಗ ನನಗೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಸಿಟ್ಟು ಮಾಡಿಕೊಳ್ಳಬೇಡ ಎನ್ನುವುದಿಲ್ಲ, ಪೂರ್ತಿ ಓದಿದ ಮೇಲೆ ಮಾಡಿಕೋ.

ಈ ತಿಂಗಳ ಪಿಂಚಣಿ ಬರಲಿಲ್ಲ. ಸಹಕಾರಿ ಬ್ಯಾಂಕಿನ ಬಿಜು ಓಣಿಗೆ ಬಂದ, ಪೊನ್ನಮ್ಮಕ್ಕನಿಗೆ ಕೊಟ್ಟ, ಆಚೆಮನೆ ಕಾರ್ತ್ಯಾಯನಿಗೆ ಕೊಟ್ಟ, ನಮ್ಮ ಮನೆ ಮುಂದೆ ಬೈಕ್ ನಿಲ್ಲಿಸಲೇ ಇಲ್ಲ. ಓಡಿಹೋಗಿ ಕೇಳಿದೆ. ನಾನು ಮರುಮದುವೆ ಆಗಿದ್ದೇನೆಂದು ಯಾರೋ ಅರ್ಜಿ ಹಾಕಿದ್ದಾರಂತೆ. ವಿಚಾರಣೆ ಮುಗಿಯುವ ತನಕ ವಿಧವಾ ಪಿಂಚಣಿಗೆ ತಡೆ. ವರ್ಷ ವರ್ಷ ಮದುವೆ ಆಗಿಲ್ಲವೆಂದು ಬರೆದುಕೊಡುವಾಗೆಲ್ಲ ನನಗೆ ನಗು ಬರುತ್ತಿತ್ತು, ತೆಂಗಿನ ನಾರು ಹೊಸೆದು ಸವೆದ ಈ ಕೈ ಯಾರಿಗೆ ಬೇಕು ಎಂದು. ಈಗ ನಗು ಬರುತ್ತಿಲ್ಲ.

ಆದದ್ದು ಇಷ್ಟೇ. ಓಣಂ ಹಿಂದಿನ ದಿನ ನಾರು ಸಂಘದ ಅಂಗಳದಲ್ಲಿ ಹುರಿ ತೂಕಕ್ಕೆ ಹಾಕಲು ನಿಂತಿದ್ದೆ. ತೂಕ ಹಾಕುವ ಸುಗತನ್ ಎಲ್ಲರೆದುರೇ ಹೆಂಗಸರು ಉಡುವ ಒಂದು ಜರಿ ಅಂಚಿನ ಮುಂಡು ತಂದು ನೀಡಿದರು. ಹಬ್ಬಕ್ಕೆಂದು ಕೊಟ್ಟ ಬಟ್ಟೆ ಬೇಡವೆಂದರೆ ಅವಮಾನ ಎಂದುಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡೆ. ಪೊನ್ನಮ್ಮಕ್ಕ ಸುಮ್ಮನಿರುವ ಜಾತಿಯೇ? "ನಮ್ಮಜ್ಜಿ ಮದುವೆ ಇಷ್ಟರಲ್ಲೇ ಮುಗ್ದಿತ್ತು ಕಣ್ರೇ. ಗಂಡು ನಾಲ್ಕು ಜನರ ಮುಂದೆ ಬಟ್ಟೆ ಕೊಟ್ಟ, ಹೆಣ್ಣು ಇಸ್ಕೊಂಡ್ಳು, ಆಮೇಲೆ ಊಟ," ಎಂದು ಮದುವೆ ಮನೆಯಲ್ಲಿ ನಾಲಿಗೆ ಹೊರಳಿಸಿ ಕೂಗುವಂತೆ ಕುರವೆ ಹಾಕಿಯೇ ಬಿಟ್ಟಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ತಮಾಷೆ ಹಾದಿಬೀದಿಯ ಮಾತಾಯಿತು. ಊರ ಬಾಯಿಗೆ ಬೀಗ ಹಾಕಲಾದೀತೇ?

ಸುಗತನ್ ನಿನಗೆ ಹೊಸಬರಲ್ಲ. ನಿನ್ನಪ್ಪನಿಗೆ ಎದೆನೋವು ಬಂದ ದಿನ ದೋಣಿ ತಂದವರು ಅವರೇ. ಹೆಂಡತಿ ಹೋದ ಮೇಲೆ ಒಬ್ಬರೇ ಇದ್ದಾರೆ. ನಮ್ಮನೆಗೆ ಬರುವುದು ಹುರಿ ಹೊಸೆಯುವ ರಾಟೆಯ ಮೋಟಾರು ಕೆಟ್ಟಾಗ ಮಾತ್ರ. ಹಳೆಯ ಮೋಟಾರು, ಆಗಾಗ ಕೆಡುತ್ತದೆ. ಬಂದವರಿಗೆ ಒಂದು ಹಿಡಿ ಊಟ ಹಾಕದೆ ಕಳಿಸಲು ಆಗುತ್ತದೆಯೇ? ಮೀನಿನವನು ಅರ್ಧ ಮೀನು ಕೊಡುವುದಿಲ್ಲ, ಸಾರು ಹೇಗೂ ಹೆಚ್ಚೇ ಆಗುತ್ತದೆ.

ನನಗಿರುವ ಹೆದರಿಕೆ ನಿನಗೆ ಅರ್ಥವಾಗಬೇಕು. ನಾರು ಕಾರ್ಮಿಕರ ಪಿಂಚಣಿ ಸಿಗಲು ಅರವತ್ತು ತುಂಬಬೇಕು, ನನಗೆ ಇನ್ನೂ ಮೂರು ವರ್ಷವಿದೆ. ಅಲ್ಲಿಯ ತನಕ ಆ ನಿಧಿಗೆ ಕಂತು ಕಟ್ಟುತ್ತಲೇ ಇರಬೇಕು, ತಪ್ಪಿದರೆ ಕಟ್ಟಿದ್ದೆಲ್ಲ ನೀರುಪಾಲು. ಸಂಘದಲ್ಲಿ ಈಗ ವಾರಕ್ಕೆ ಮೂರು ದಿನವೂ ನಾರು ಬರುವುದಿಲ್ಲ. ಕಂತು, ಬಿ.ಪಿ. ಮಾತ್ರೆ, ಕರೆಂಟ್ ಬಿಲ್ಲು ಎಲ್ಲವೂ ವಿಧವಾ ಪಿಂಚಣಿಯಲ್ಲೇ ನಡೆಯುತ್ತಿತ್ತು. ಅದು ನಿಂತರೆ ನಿನ್ನ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ. ನಿನ್ನತ್ತೆ ಬಾಯಿಬಿಟ್ಟು ಏನೂ ಹೇಳಲಾರರು, ಆದರೆ ಆ ಕೆಮ್ಮು ಸಾಕು.

ಪೊನ್ನಮ್ಮಕ್ಕನಿಗೆ ಪಾಪ, ತನ್ನ ಬಾಯಿಂದ ಹೀಗಾಯಿತೆಂದು ಸಂಕಟ. "ಇಲ್ಲ ಅಂತ ಸಹಿ ಹಾಕ್ಬಿಡೇ. ಸರ್ಕಾರ ಏನು ರಾತ್ರಿ ಬಂದು ನಿಮ್ಮನೇಲಿ ಎಷ್ಟು ಚಾಪೆ ಹಾಸಿದೆ ಅಂತ ನೋಡತ್ತಾ?" ಎನ್ನುತ್ತಾಳೆ. ಒಂದೇ ಚಾಪೆ ಮಗಳೇ, ನನ್ನಾಣೆ.

ಬರುವ ಸೋಮವಾರ ವಿಲೇಜ್ ಆಫೀಸರ್ ಮೇಡಂ ವಿಚಾರಣೆಗೆ ಬರುತ್ತಾರೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮಾತಿಗೆ ಬೆಲೆ ಇದೆ. ನೀನು ಬಂದು, ಅದು ಬರೀ ಓಣಂ ಬಟ್ಟೆ ಎಂದು ಹೇಳಬೇಕು. ಬೇರೆ ಹೆಂಗಸರಿಗೂ ಕೊಟ್ಟರಾ ಎಂದು ಕೇಳಿದರೆ ಏನು ಹೇಳುವುದೋ ನೀನೇ ಯೋಚಿಸು. ಕೊಟ್ಟದ್ದು ನನಗೊಬ್ಬಳಿಗೇ.

ಅರ್ಜಿಯ ಸುದ್ದಿ ಕೇಳಿ ಸುಗತನ್ ಬೇಲಿಯ ಹೊರಗೇ ನಿಂತು, "ನನ್ನಿಂದ ನಿನ್ನ ಅನ್ನಕ್ಕೆ ಕಲ್ಲು ಬೀಳೋದು ಬೇಡ, ಇನ್ನು ಈ ಓಣಿಗೆ ಬರೋದಿಲ್ಲ" ಎಂದು ಹೇಳಿಹೋದರು. ಹೇಳಿದ ಹಾಗೆ ಬರಲೂ ಇಲ್ಲ. ಮೋಟಾರು ಚೆನ್ನಾಗಿಯೇ ಓಡುತ್ತಿದೆ. ಎದೆ ಮಾತ್ರ ಸುಮ್ಮನೆ ಹೊಡೆದುಕೊಳ್ಳುತ್ತದೆ. ಪಿಂಚಣಿ ಹೋಗುತ್ತದೆಂಬ ಭಯವೋ ಬೇರೆ ಭಯವೋ ನನಗೇ ತಿಳಿಯುತ್ತಿಲ್ಲ.

ತಪ್ಪದೆ ಬಾ.

ನಿನ್ನನ್ನೇ ನಂಬಿರುವ
ಅಮ್ಮ, ವಿಲಾಸಿನಿ

ಮತ್ತೆ ಬರೆದದ್ದು, ಬುಧವಾರ: ಕಾಗದ ಅಂಚೆಗೆ ಹಾಕುವಷ್ಟರಲ್ಲಿ ಮೇಡಂ ಇವತ್ತೇ ಬಂದುಬಿಟ್ಟರು. ನಿನ್ನ ವಯಸ್ಸಿನ ಹುಡುಗಿ, ಒಳ್ಳೆಯವಳು. ಸುಗತನ್ ಅವರನ್ನೂ ಕರೆಸಿದರು. ಅವರು ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತರು, ಬಟ್ಟೆ ಕೊಟ್ಟದ್ದಲ್ಲ, ಕದ್ದದ್ದು ಎಂಬಂತೆ. ಮೇಡಂ ಉತ್ತರವನ್ನೂ ತಾವೇ ಎತ್ತಿಕೊಟ್ಟರು: "ಓಣಂ ಬಟ್ಟೆ ತಾನೇ ಅಮ್ಮಾ? ಹೂಂ ಅನ್ನಿ, ಬರ್ಕೊಂಡು ಹೋಗ್ತೀನಿ." ಹೂಂ ಎನ್ನಲೆಂದೇ ಬಾಯಿ ತೆರೆದೆ. ಸುಗತನ್ ಅವರ ಬಗ್ಗಿದ ತಲೆ ಕಂಡಿತು. "ಅಲ್ಲ ಮೇಡಂ, ಮದುವೆ ಬಟ್ಟೆ" ಎಂದೆ.

ಪಿಂಚಣಿ ಹೋಯಿತು. ಮೂರು ವರ್ಷ ಹೇಗೆ ಕಳೆಯುವುದೋ, ಈ ಕಾಗದದ ಹಿಂಬದಿಯಲ್ಲೇ ಕಂತಿನ ಲೆಕ್ಕ ಹಾಕಿ ನೋಡಿದೆ, ಕೂಡುತ್ತಿಲ್ಲ. ಸೋಮವಾರ ಸಾಕ್ಷಿ ಹೇಳಲು ಬರಬೇಡ, ಭಾನುವಾರ ಊಟಕ್ಕೆ ಬಾ. ಸಿಟ್ಟಿದ್ದರೆ ಅದನ್ನೂ ಕರೆದುಕೊಂಡೇ ಬಾ. ಮೇಡಂ ಹೋದ ಮೇಲೆ ಸುಗತನ್ ಮೂಲೆಯಿಂದ ಹತ್ತಿರ ಬಂದು, ಮೆಲ್ಲಗೆ ನನ್ನನ್ನೇ ಕೇಳಿದರು: "ಹೌದಾ ವಿಲಾಸಿನಿ?"