ಅತ್ತೆಯ ಟೊಮೆಟೊ ಸಸಿಗಳು

ಫೆಬ್ರವರಿ 9, ಬೆಳಿಗ್ಗೆ

ಮತ್ತೆ ಎರಡು ಲೋಟ ತೆಗೆದಿಟ್ಟೆ. ಒಂದನ್ನು ವಾಪಸ್ ಇಟ್ಟೆ. ಗಂಡ ಗ್ಲೆಬ್ ತೀರಿಹೋಗಿದ್ದು ನವೆಂಬರಿನಲ್ಲಿ. ಕೈಗೆ ಇನ್ನೂ ತಿಳಿದಿಲ್ಲ.

ಹೊರಗೆ ಮೈನಸ್ ಇಪ್ಪತ್ತೆರಡು. ರಷ್ಯಾದ ಈ ಪೆನ್ಜಾದಲ್ಲಿ ಇದೇನೂ ದೊಡ್ಡದಲ್ಲ. ಅಂಗಳದ ಸುತ್ತ ಕಿಟಕಿಗಳಲ್ಲಿ ಗುಲಾಬಿ ದೀಪ ಹತ್ತಿವೆ. ಬಿಸಿಲಿಲ್ಲದ ಈ ತಿಂಗಳುಗಳಲ್ಲಿ ಸಸಿಗಳಿಗೆ ಅದೇ ಸೂರ್ಯ. ಮೇ ಬರುವವರೆಗೂ ಕಿಟಕಿಯಲ್ಲಿ ಬೆಳೆಸಿ, ಆಮೇಲೆ ಊರಾಚೆಯ ತೋಟಕ್ಕೆ.

ಎದುರು ಕಟ್ಟಡ, ನಾಲ್ಕನೇ ಮಹಡಿ, ಅತ್ತೆಯ ಕಿಟಕಿ ಮಾತ್ರ ಕತ್ತಲು. ಪ್ರತಿ ವರ್ಷ ಮೊದಲು ಹತ್ತುತ್ತಿದ್ದುದು ಅದೇ.

ಫೆಬ್ರವರಿ 16

ತಮ್ಮನ ಫೋನ್, ಬಳ್ಳಾರಿಯಿಂದ. "ಅಲ್ಲಿ ಯಾರಿದಾರೆ ಅಕ್ಕ ನಿಂಗೆ? ಸುಮ್ನೆ ಬಂದ್ಬಿಡು." ಟಿಕೆಟ್ ತೆಗೆಸಿದೆ, ವಿಮಾನ ನಿಲ್ದಾಣದವರೆಗೆ ರೈಲು, ಅಲ್ಲಿಂದ ವಿಮಾನ. ಮೇ 14.

ಸಂಜೆಯೊಳಗೆ ಮೆಟ್ಟಿಲಿನಲ್ಲಿ ಕೆಳಮನೆಯ ರಿಮ್ಮಾ ಹಿಡಿದು ನಿಲ್ಲಿಸಿದಳು. "ವಾಸ್ಯಾ, ಹೊರಟೇಬಿಟ್ಯಂತೆ? ನಮ್ಮ ಚಳಿ ಸಾಕಾಯ್ತಾ?" ಈ ಮೆಟ್ಟಿಲಿನಲ್ಲಿ ಗುಟ್ಟು ಉಳಿಯುವುದಿಲ್ಲ.

ವಸುಂಧರಾ ಎನ್ನಲು ಇಲ್ಲಿ ಯಾರಿಗೂ ನಾಲಿಗೆ ಹೊರಳದು. ವಾಸ್ಯಾ ಎನ್ನುವುದು ಗಂಡಸರ ಹೆಸರು, ಅದನ್ನು ಬೆಕ್ಕಿಗೂ ಇಡುತ್ತಾರೆ. ಹೆಸರಿಟ್ಟವರು ಅತ್ತೆ, ಜೋಯಾ ಆರ್ಖಿಪೊವ್ನಾ. ಗ್ಲೆಬ್ ಹೊಟ್ಟೆ ಹಿಡಿದು ನಕ್ಕಿದ್ದ.

ಮಾರ್ಚ್ 8

ಮಹಿಳೆಯರ ಹಬ್ಬ. ಕೇಕ್ ಹಿಡಿದು ಅತ್ತೆಯ ಮನೆಗೆ. ಬಾಗಿಲಲ್ಲೇ ಕೊಡಲು ಹೋದೆ.

"ಹೊಸ್ತಿಲ ಮೇಲೆ ಕೊಡ್ತಾರೇನೆ? ಒಳಗೆ ಬಾ."

ಸರಿ, ಇದು ನಮ್ಮಲ್ಲೂ ಉಂಟು. ಆದರೆ ಅವರ ಎಲ್ಲ ಶಾಸ್ತ್ರವೂ ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಮೊದಲ ವಸಂತ. ಹಾಲಿನ ಡಬ್ಬಿ ಕತ್ತರಿಸಿ ಬೆಳೆಸಿದ ಟೊಮೆಟೊ ಸಸಿ ಕೈಗಿತ್ತರು. ನಾನು ಹೊಸದಾಗಿ ಕಲಿತ ರಷ್ಯನ್‌ನಲ್ಲಿ, ದೊಡ್ಡ ದನಿಯಲ್ಲಿ, ಥ್ಯಾಂಕ್ಸ್ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. "ಯಾರು ಹೇಳು ಅಂದ್ರು ನಿಂಗೆ? ಸಸಿ ಇಸ್ಕೊಂಡು ಥ್ಯಾಂಕ್ಸ್ ಹೇಳಿದ್ರೆ ಅದು ಬೇರು ಬಿಡಲ್ಲ!" ಆ ವಾರವೇ ಹಿಮ ಬಿತ್ತು. ಒಂದೂ ಉಳಿಯಲಿಲ್ಲ. ಆಮೇಲೆ ಈ ಆರು ವರ್ಷದಲ್ಲಿ ನನ್ನ ಕೈಗೆ ಒಂದು ಸಸಿಯನ್ನೂ ಕೊಟ್ಟವರಲ್ಲ. ನೆಡುವುದು ಅವರು, ನೀರು ಹೊರುವುದು ನಾನು.

ಚಹಾ ಕುಡಿಯುತ್ತಾ ಟಿಕೆಟ್ ವಿಷಯ ಹೇಳಿದೆ.

"ಒಳ್ಳೇದು. ಅಲ್ಲಿ ಬೆಚ್ಚಗಿರುತ್ತೆ."

ಅಷ್ಟೇ. ಹೋಗಬೇಡ ಎನ್ನಲಿ ಎಂದು ಕಾದಿದ್ದೆ. ಈಗ ಬರೆಯುವಾಗ ಗೊತ್ತಾಗುತ್ತಿದೆ. ಮೆಟ್ಟಿಲಿಳಿಯುತ್ತಾ ಅತ್ತುಬಿಟ್ಟೆ.

ಮಾರ್ಚ್ 9

ನಾಲ್ಕನೇ ಮಹಡಿಯಲ್ಲಿ ಗುಲಾಬಿ ದೀಪ!

ಇಡೀ ಅಂಗಳದಲ್ಲಿ ಇವರದೇ ತಡ. ಆದರೂ ಬಿತ್ತಿದ್ದಾರಲ್ಲ. ಚಹಾ ಆರುವವರೆಗೂ ಕಿಟಕಿಯಲ್ಲೇ ನಿಂತಿದ್ದೆ.

ಏಪ್ರಿಲ್ 12

ಎಷ್ಟು ದಿನವಾಯಿತು ಬರೆಯದೆ. ಬರೆಯಲು ಏನಿತ್ತು... ಭಾಷಾ ಶಾಲೆಯಲ್ಲಿ ಪಾಠ ಹೇಳುವುದು, ಮನೆ. ಕೆಲವು ಭಾನುವಾರ ಇಡೀ ದಿನ ಬಾಯಿ ಬಿಟ್ಟಿಲ್ಲ. ಸಂಜೆ ಕೆಮ್ಮಿದಾಗ ನನ್ನ ದನಿ ನನಗೇ ಹೊಸದು.

ಹಿಮ ಕರಗಿ ಎಲ್ಲೆಲ್ಲೂ ಕೆಸರು. ತೋಟಕ್ಕೆ ಹಾಕುವ ರಬ್ಬರ್ ಬೂಟು ರಿಮ್ಮಾಗೆ ಕೊಟ್ಟೆ. ಬಳ್ಳಾರಿಯಲ್ಲಿ ಅದನ್ನಿಟ್ಟುಕೊಂಡು ಏನು ಮಾಡಲಿ? ಗ್ಲೆಬ್‌ನ ಕೋಟು ಕೊಡಲಾಗಲಿಲ್ಲ.

ಅತ್ತೆಗೆ ಔಷಧಿ ಕೊಡಲು ಹೋಗಿದ್ದೆ. ಕಿಟಕಿ ತುಂಬ ಸಸಿ. ಒಂಟಿ ಹೆಂಗಸಿಗೆ ಇಷ್ಟೊಂದೇ?

"ಇಷ್ಟೆಲ್ಲ ಯಾಕೆ ಅತ್ತೆ?"

"ಕೆಲವು ಸಾಯ್ತಾವೆ. ಎಲ್ಲ ಉಳಿಯುತ್ತೆ ಅಂತ ಬರ್ಕೊಟ್ಟೋರು ಯಾರು?"

ಗೋಡೆಯ ಮೇಲೆ ಗ್ಲೆಬ್‌ನ ಫೋಟೊ. ಇಬ್ಬರೂ ಅತ್ತ ನೋಡಲಿಲ್ಲ.

ಮೇ 13, ಸಂಜೆ

ಸೂಟ್‌ಕೇಸ್ ಬಾಗಿಲ ಬಳಿ. ಕರೆಗಂಟೆ. ಅತ್ತೆ — ಎದೆಗವಚಿಕೊಂಡ ರಟ್ಟಿನ ಪೆಟ್ಟಿಗೆ, ಏದುಸಿರು. ಅವರ ನಾಲ್ಕು ಮಹಡಿ ಇಳಿದು, ನನ್ನ ಮೂರು ಹತ್ತಿ ಬಂದಿದ್ದಾರೆ. ಎರಡೂ ಕಡೆ ಲಿಫ್ಟ್ ಇಲ್ಲ. ಮೊದಲು ಹೊಸ್ತಿಲು ದಾಟಿ ಒಳಗೆ ಬಂದರು. ಆಮೇಲೆ ಪೆಟ್ಟಿಗೆ ಚಾಚಿದರು. ಟೊಮೆಟೊ ಸಸಿ. ಗಟ್ಟಿ ಕಾಂಡ, ಕಡು ಹಸಿರು. ಆ ಎಲೆಯ ವಾಸನೆ!

"ನಾಳೆ ನೆಡಬೇಕು. ನಂಗೊಬ್ಬಳಿಗೇ ಅಷ್ಟು ನೀರು ಹೊರೋಕೆ ಆಗಲ್ಲ."

"ಅತ್ತೆ, ನಾಳೆ ಬೆಳಿಗ್ಗೆ ನನ್ನ ರೈಲು."

"ಗೊತ್ತು. ಕಿವುಡಿ ಅಲ್ಲ ನಾನು."

"ಇದು ಹಣ್ಣಾಗೋದು ಆಗಸ್ಟಿನಲ್ಲಿ..."

"ಅದೂ ಗೊತ್ತು."

ಕೈ ಚಾಚಿಕೊಂಡೇ ನಿಂತಿದ್ದರು. ಕಣ್ಣು ನನ್ನ ತುಟಿಯ ಮೇಲೆ. ಥ್ಯಾಂಕ್ಸ್ ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಅವರು ತಲೆಯಾಡಿಸಿ ಇಳಿದು ಹೋಗುತ್ತಿದ್ದರು, ನಾನು ರೈಲು ಹತ್ತುತ್ತಿದ್ದೆ. ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ತುಟಿ ಕಚ್ಚಿಕೊಂಡು ಪೆಟ್ಟಿಗೆ ತೆಗೆದುಕೊಂಡೆ.

ಅತ್ತೆ ಶಾಲಿನ ತುದಿಯಿಂದ ಮೂಗೊರೆಸಿಕೊಂಡರು. "ಹ್ಞಾಂ. ಆರು ವರ್ಷ ಬೇಕಾಯ್ತು ಇವಳಿಗೆ." ಹಿಂತಿರುಗಿ ನೋಡದೆ ಇಳಿದುಹೋದರು.

ಮೇ 14, ಬೆಳಿಗ್ಗೆ

ಟ್ಯಾಕ್ಸಿ ಆರಕ್ಕೆ. ನಿದ್ದೆ ಬಂದಿಲ್ಲ. ಪೆಟ್ಟಿಗೆ ಕಿಟಕಿಯಲ್ಲಿದೆ. ಎಲೆಗಳು ಆಗಲೇ ಬಿಸಿಲಿಗೆ ತಿರುಗಿವೆ.

ಕೆಳಗೆ ಅಂಗಳದ ಬೆಂಚಿನಲ್ಲಿ ಅತ್ತೆ. ತಲೆಗೆ ವಸ್ತ್ರ, ಕಾಲಿಗೆ ಬೂಟು, ಪಕ್ಕದಲ್ಲಿ ಗುದ್ದಲಿ. ಎರಡು ಬಕೆಟ್. ಅವರು ಹೊರುವುದು ಒಂದೇ. ಇತ್ತ ತಲೆ ಎತ್ತುತ್ತಲೂ ಇಲ್ಲ, ಹಟಮಾರಿ.

ತಮ್ಮನಿಗೆ ಏನು ಹೇಳಲಿ? ಅಲ್ಲಿ ಯಾರಿದಾರೆ ಅಂದಿದ್ದನಲ್ಲ...

ಹಾರ್ನ್. ಟ್ಯಾಕ್ಸಿ ಬಂತು. ಅತ್ತೆ ಈಗ ತಲೆ ಎತ್ತಿ ನನ್ನ ಕಿಟಕಿಯನ್ನೇ ನೋಡುತ್ತಿದ್ದಾರೆ. ಮೊದಲು ರಿಮ್ಮಾಳ ಬಾಗಿಲು ತಟ್ಟಬೇಕು. ಕೊಟ್ಟ ಬೂಟು ವಾಪಸ್ ಕೇಳುವುದು ಎಂದರೆ ನಾಚಿಕೆಗೇಡು, ಜನ್ಮವಿಡೀ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಬಂದೆ ಅತ್ತೆ, ಬೂಟು ಹಾಕಿಕೊಂಡು—